ಕರು ಯಾರದು? ವರ್ಜೀನಿಯಾದ ಗುಲಾಮಗಿರಿಯಲ್ಲಿ ಹೆಣ್ಣಿನ ಲೆಕ್ಕ

ಪ್ರಶ್ನೆ: ಅಮೆರಿಕದ ಗುಲಾಮಗಿರಿ ಮೈಬಣ್ಣದ ಮೇಲೆ ನಿಂತದ್ದು ಅಂತ ಓದಿದ್ದೇವೆ. ಅದರಲ್ಲಿ ಹೆಣ್ಣು ಗಂಡೆಂಬ ಭೇದ ಎಲ್ಲಿಂದ ಬಂತು? – ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ತೆರಿಗೆ ಪಟ್ಟಿಯಿಂದ ಶುರು ಮಾಡಿ. ಇಂಗ್ಲಿಷರ ವರ್ಜೀನಿಯಾ ವಸಾಹತಿಗೆ 1619ರಲ್ಲಿ ಆಫ್ರಿಕನ್ನರು ಬಂದಿಳಿದಾಗ ಗುಲಾಮಗಿರಿಗೆಂದೇ ಬರೆದ ಕಾನೂನು ಅಲ್ಲಿರಲಿಲ್ಲ. ಬಣ್ಣ ನೋಡಿ ಜನರನ್ನು ಬೇರ್ಪಡಿಸಿದ ಮೊದಮೊದಲ ಶಾಸನಗಳಲ್ಲಿ 1643ರ ತಲೆಗಂದಾಯವೂ ಒಂದು. ಪಾದ್ರಿಯ ಸಂಬಳಕ್ಕಾಗಿ ತಲೆಗೆ 10 ಪೌಂಡ್ ಹೊಗೆಸೊಪ್ಪು, ಒಂದು ಬುಶೆಲ್ (ಧಾನ್ಯದ ಹಳೆಯ ಅಳತೆ) ಮೆಕ್ಕೆಜೋಳ ಕೊಡಬೇಕಿತ್ತು. ತಲೆ ಅಂದರೆ ಯಾರ ತಲೆ? 16 ತುಂಬಿದ ಗಂಡಸರೆಲ್ಲ, ಜೊತೆಗೆ 16 ತುಂಬಿದ ಆಫ್ರಿಕನ್ ಹೆಂಗಸರು. ಇಂಗ್ಲಿಷ್ ಹೆಂಡತಿ, ಮಗಳು ಲೆಕ್ಕಕ್ಕಿಲ್ಲ.

ಒಂದು ಮನೆಯ ಉದಾಹರಣೆ ಹಾಕಿ ನೋಡಿ. ಯಜಮಾನ, ಅವನ ಹೆಂಡತಿ, 17ರ ಮಗ, 18ರ ಮಗಳು, ಗುಲಾಮರಾದ ಇಬ್ಬರು ಗಂಡಸರು, ಇಬ್ಬರು ಹೆಂಗಸರು, 12ರ ಹುಡುಗಿ. ಇರುವವರು ಒಂಬತ್ತು ಜನ, ಕಂದಾಯದ ತಲೆ ಆರು. 60 ಪೌಂಡ್ ಸೊಪ್ಪು, ಆರು ಬುಶೆಲ್ ಮೆಕ್ಕೆಜೋಳ. ಪಕ್ಕದಲ್ಲೇ ಬಿಡುಗಡೆಯಾದ ಆಫ್ರಿಕನ್ ದಂಪತಿ ಇದ್ದರೆ ಅವರದು ಎರಡು ತಲೆ. ಅಷ್ಟೇ ಬಡವರಾದ ಇಂಗ್ಲಿಷ್ ದಂಪತಿಯದು ಒಂದೇ.

ಇಂಗ್ಲಿಷ್ ಹೆಂಗಸು ಒಲೆಯ ಮುಂದೆ, ಆಫ್ರಿಕನ್ ಹೆಂಗಸು ಹೊಲದಲ್ಲಿ ಅನ್ನುವ ಎಣಿಕೆ ಇದರ ಹಿಂದಿತ್ತು. ನಿಜದಲ್ಲಿ ಕರಾರಿನ ಮೇಲೆ ಬಂದ ಇಂಗ್ಲಿಷ್ ಆಳುಹೆಣ್ಣುಗಳೂ ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುತ್ತಿದ್ದರು. 1662ರಲ್ಲಿ ಅವರನ್ನೂ ಕಂದಾಯಕ್ಕೆ ತಂದರು, ಆದರೆ ಹೊಲಗೆಲಸವೇ ಅವರ ನಿತ್ಯದ ಕೆಲಸವಾಗಿದ್ದರೆ ಮಾತ್ರ. ಇಂಗ್ಲಿಷ್ ಹೆಣ್ಣಿಗೆ ಕೆಲಸ ನೋಡಿ ಕಂದಾಯ, ಆಫ್ರಿಕನ್ ಹೆಣ್ಣಿಗೆ ಹುಟ್ಟು ನೋಡಿ. ಅವಳು ಸ್ವತಂತ್ರಳಾದರೂ ಕೊಡಲೇಬೇಕೆಂದು 1668ರಲ್ಲಿ ಮತ್ತೆ ಬರೆದರು. ನಾರ್ಥಾಂಪ್ಟನ್ ಕೌಂಟಿಯಲ್ಲಿ ಜಮೀನು ಮಾಡಿಕೊಂಡಿದ್ದ ಆಂಟನಿ ಜಾನ್ಸನ್ ಎಂಬ ಆಫ್ರಿಕನ್ನನ ತೋಟಕ್ಕೆ ಬೆಂಕಿ ಬಿದ್ದಾಗ, ಅವನ ಹೆಂಡತಿ ಮೇರಿಗೂ ಇಬ್ಬರು ಹೆಣ್ಣುಮಕ್ಕಳಿಗೂ 1653ರಲ್ಲಿ ಕೋರ್ಟು ಕಂದಾಯ ಮಾಫಿ ಮಾಡಿತು. ಮನೆ ಸುಟ್ಟ ಮೇಲೆ ಸಿಕ್ಕ ಈ ರಿಯಾಯಿತಿ ಇಂಗ್ಲಿಷ್ ಹೆಂಗಸಿಗೆ ಕೇಳದೆಯೇ ಇತ್ತು.

ಪ್ರಶ್ನೆ: ಇಂಗ್ಲಿಷ್ ಕಾನೂನಿನಲ್ಲಿ ಮಗುವಿನ ಸ್ಥಾನಮಾನ ತಂದೆಯದಲ್ಲವೇ? ವಸಾಹತಿನಲ್ಲಿ ಅದು ತಾಯಿಗೆ ತಿರುಗಿದ್ದು ಹೇಗೆ? – ವಕೀಲರು, ಶಿವಮೊಗ್ಗ

ಉತ್ತರ: ಒಬ್ಬ ಹೆಣ್ಣುಮಗಳು ಕೋರ್ಟಿನಲ್ಲಿ ಗೆದ್ದ ಕೆಲವೇ ವರ್ಷಕ್ಕೆ ತಿರುಗಿತು. ಎಲಿಜಬೆತ್ ಕೀ ಎಂಬವಳ ತಾಯಿ ಆಫ್ರಿಕನ್ ಗುಲಾಮಳು, ತಂದೆ ಥಾಮಸ್ ಕೀ ಇಂಗ್ಲಿಷ್ ಜಮೀನ್ದಾರ. ಅವಳ ವಾದಕ್ಕೆ ಮೂರು ಕಾಲು: ತಂದೆ ಸ್ವತಂತ್ರ, ತನಗೆ ದೀಕ್ಷಾಸ್ನಾನವಾಗಿದೆ, ಒಂಬತ್ತು ವರ್ಷದ ದುಡಿಮೆಯ ಕರಾರು ಎಂದೋ ಮುಗಿದಿದೆ. ಕೌಂಟಿ ಕೋರ್ಟಿನಲ್ಲಿ ಗೆದ್ದಳು, ಮೇಲ್ಮನವಿಯಲ್ಲಿ ಸೋತಳು, ವಸಾಹತಿನ ಶಾಸನಸಭೆಯವರೆಗೂ ಹೋಗಿ 1656ರಲ್ಲಿ ಬಿಡುಗಡೆ ಪಡೆದಳು. ಅವಳ ಪರ ನಿಂತ ವಿಲಿಯಂ ಗ್ರಿನ್‌ಸ್ಟೆಡ್‌ನನ್ನೇ ಮದುವೆಯಾದಳು.

ಆ ಕಾಲುಗಳಲ್ಲಿ ಎರಡನ್ನು ಸಭೆ ಒಂದೊಂದಾಗಿ ಮುರಿಯಿತು. 1662ರ ಡಿಸೆಂಬರ್‌ನಲ್ಲಿ ಮಗು ಗುಲಾಮನೋ ಸ್ವತಂತ್ರನೋ ಅನ್ನುವುದು ತಾಯಿಯ ಸ್ಥಿತಿಯಂತೆಯೇ ಎಂದಾಯಿತು. 1667ರಲ್ಲಿ ದೀಕ್ಷಾಸ್ನಾನದಿಂದ ಬಿಡುಗಡೆಯಿಲ್ಲ ಎಂದಾಯಿತು. ಉಳಿದದ್ದು ಕರಾರಿನ ವಾದ, ಅದೂ ಕಾಗದ ಕೈಯಲ್ಲಿದ್ದವರಿಗಷ್ಟೆ. ತಾಯಿಯ ನಿಯಮ ರೋಮನ್ ಕಾನೂನಿನಲ್ಲಿತ್ತು. ಇಂಗ್ಲಿಷರಲ್ಲಿ ಅದು ದನಕರುಗಳಿಗೆ ಅನ್ವಯಿಸುತ್ತಿತ್ತು. ಹಸು ಯಾರದೋ ಕರುವೂ ಅವರದೇ.

ತೋಟದ ಯಜಮಾನನಿಗೆ ಇದರಿಂದಾದ ಅನುಕೂಲ ನೋಡಿ. ತನ್ನ ಗುಲಾಮಳಿಗೆ ತಾನೇ ಮಗು ಹುಟ್ಟಿಸಿದರೂ ಹೆಸರು ಕೊಡಬೇಕಿಲ್ಲ, ಜೀವನಾಂಶ ಕೊಡಬೇಕಿಲ್ಲ. ಅಸಲೂ ಅವನದೇ, ಬಡ್ಡಿಯೂ ಅವನದೇ. ವ್ಯಭಿಚಾರಕ್ಕೆ ದುಪ್ಪಟ್ಟು ದಂಡವೆಂದು ಅದೇ ಶಾಸನದಲ್ಲಿ ಬರೆದಿದ್ದರು, ನಿಜ. ಆದರೆ ದಂಡ ಒಂದು ಸಲದ್ದು, ಮಗು ಜೀವಮಾನದ ಆಸ್ತಿ.

ಪ್ರಶ್ನೆ: ಹಾಗಾದರೆ ತಾಯಿ ಬಿಳಿಯಳಾಗಿದ್ದರೆ ಮಗು ಸ್ವತಂತ್ರ ತಾನೇ? – ಓದುಗರು, ಮೈಸೂರು

ಉತ್ತರ: ಹೆಸರಿಗೆ ಸ್ವತಂತ್ರ. 1691ರ ಶಾಸನ ಹೀಗಿತ್ತು: ಸ್ವತಂತ್ರ ಇಂಗ್ಲಿಷ್ ಹೆಣ್ಣು ಮದುವೆಯಿಲ್ಲದೆ ಆಫ್ರಿಕನ್ ಅಥವಾ ಮಿಶ್ರ ಸಂತತಿಯ ಗಂಡಸಿನಿಂದ ಮಗು ಪಡೆದರೆ ಒಂದು ತಿಂಗಳೊಳಗೆ ಚರ್ಚಿನ ಆಡಳಿತ ನೋಡುವ ವಾರ್ಡನ್ನರಿಗೆ 15 ಪೌಂಡ್ ಸ್ಟರ್ಲಿಂಗ್ ಕಟ್ಟಬೇಕು. ಕಟ್ಟದಿದ್ದರೆ ಐದು ವರ್ಷದ ಜೀತಕ್ಕೆ ಮಾರಾಟ. ದಂಡದಲ್ಲಿ ಮೂರನೇ ಒಂದು ಪಾಲು ಸುದ್ದಿ ಮುಟ್ಟಿಸಿದವನಿಗೆ. ನೆರೆಹೊರೆಯವರನ್ನೇ ಬೇಹುಗಾರರನ್ನಾಗಿ ಮಾಡುವ ಹಳೇ ಉಪಾಯ. ಮಗು 30 ವರ್ಷದವರೆಗೆ ಜೀತ ಮಾಡಬೇಕು. 1705ರಲ್ಲಿ ಅದು 31 ಆಯಿತು. ಆ ಮಗು ಹೆಣ್ಣಾಗಿ, ಜೀತದಲ್ಲಿರುವಾಗಲೇ ಹೆತ್ತರೆ ಅವಳ ಮಗುವಿಗೂ ಅಷ್ಟೇ ಅವಧಿ ಎಂದು 1723ರಲ್ಲಿ ಸೇರಿಸಿದರು. ಗುಲಾಮಗಿರಿ ಎಂಬ ಪದವಿಲ್ಲದೆ ಎರಡು ಮೂರು ತಲೆಮಾರು ಕಟ್ಟಿಹಾಕಿದಂತಾಯಿತು.

15 ಪೌಂಡಿನ ಆ ಕಲಮು ಹೆಸರಿಸುವುದು ಇಂಗ್ಲಿಷ್ ಹೆಣ್ಣನ್ನು ಮಾತ್ರ. ಗುಲಾಮಳಿಗೆ ಮಗು ಹುಟ್ಟಿಸಿದ ಇಂಗ್ಲಿಷ್ ಗಂಡಸಿನ ಮಾತೇ ಅದರಲ್ಲಿಲ್ಲ.

ಪ್ರಶ್ನೆ: ಫ್ರೆಂಚರ ದ್ವೀಪಗಳಲ್ಲೂ ಹೀಗೆಯೇ? – ಓದುಗರು, ಮಂಗಳೂರು

ಉತ್ತರ: ಗುಲಾಮರ ಬಗ್ಗೆ ಫ್ರೆಂಚರು ಮಾಡಿದ 1685ರ ಸಂಹಿತೆ ಕೋಡ್ ನ್ವಾರ್‌ನಲ್ಲೂ ತಾಯಿಯ ನಿಯಮವೇ. ಆದರೆ ಅಲ್ಲಿ ಗಂಡಸಿಗೂ ದಂಡವಿತ್ತು: ಗುಲಾಮಳಿಂದ ಮಕ್ಕಳಾದರೆ 2000 ಪೌಂಡ್ ಸಕ್ಕರೆ. ಅವನೇ ಯಜಮಾನನಾಗಿದ್ದರೆ ಅವಳೂ ಮಕ್ಕಳೂ ಕೈತಪ್ಪುತ್ತಿದ್ದರು. ಅವನು ಅವಿವಾಹಿತನಾಗಿದ್ದು ಚರ್ಚಿನಲ್ಲಿ ಅವಳನ್ನು ಮದುವೆಯಾದರೆ ತಾಯಿಮಕ್ಕಳು ಸ್ವತಂತ್ರರು. ಕಾಗದದಲ್ಲಿದ್ದಷ್ಟು ಕಬ್ಬಿನ ತೋಟದಲ್ಲಿ ನಡೆಯಲಿಲ್ಲ. ಉತ್ತರ ಅಮೆರಿಕದ ಫ್ರೆಂಚ್ ವಸಾಹತು ಲೂಯಿಸಿಯಾನದ 1724ರ ಸಂಹಿತೆಯಲ್ಲಿ ಬಿಳಿಯರಿಗೆ ಮದುವೆಯ ಆ ಬಾಗಿಲನ್ನೂ ಮುಚ್ಚಿದರು.

ಪ್ರಶ್ನೆ: ಹಳೆಯ ಉಯಿಲು, ತೆರಿಗೆ ಪಟ್ಟಿ ಓದುವಾಗ ಎಲ್ಲಿ ಎಡವುತ್ತೇವೆ? – ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ಇಸವಿಯಲ್ಲಿ ಮೊದಲು. 1752ಕ್ಕೂ ಮುಂಚೆ ಇಂಗ್ಲಿಷರ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಅದಕ್ಕೇ 1643ರ ಶಾಸನ ಕೆಲವು ಕಡೆ 1642 ಎಂದು ಕಾಣುತ್ತದೆ. ಕಂದಾಯದ ತಲೆಗಳನ್ನು ಜನಸಂಖ್ಯೆ ಎಂದು ಓದಬೇಡಿ, ಮಕ್ಕಳೂ ಹೆಚ್ಚಿನ ಇಂಗ್ಲಿಷ್ ಹೆಂಗಸರೂ ಬಿಟ್ಟುಹೋಗುತ್ತಾರೆ. ಉಯಿಲಿನಲ್ಲಿ ಗುಲಾಮಳ ಹೆಸರಿನ ಮುಂದೆ ‘ಇನ್‌ಕ್ರೀಸ್’ ಎಂಬ ಪದ ಹುಡುಕಿ. ಅಂದರೆ ಅವಳ ಹುಟ್ಟುವಳಿ, ಇನ್ನೂ ಹುಟ್ಟದ ಮಕ್ಕಳು. ಗುಲಾಮ ತಾಯಿ ಯಜಮಾನನ ಒಬ್ಬ ಮಗಳಿಗೆ, ಆ ತಾಯಿಗೆ ಮುಂದೆ ಹುಟ್ಟುವ ಮೊದಲ ಕೂಸು ಅವನ ಇನ್ನೊಬ್ಬ ಮಗಳಿಗೆ ಎಂದು ಹಂಚಿದ ಉಯಿಲುಗಳೂ ಇವೆ. ಅದೇ ಪದ ನಾಲ್ಕು ಸಾಲು ಕೆಳಗೆ ಹಸುವಿನ ಮುಂದೆಯೂ ಸಿಗಬಹುದು.