ಕೇಕ್ ತನ್ನಿ ಮೇಷ್ಟ್ರೇ, ಫೋಟೊ ಬೇಡ

ದಾವಣಗೆರೆಯ ವಿದ್ಯಾನಗರದಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಮೊಮ್ಮಗಳ ಹುಟ್ಟುಹಬ್ಬವನ್ನು ಊರಾಚೆಯ ಕ್ರೈಸ್ತ ಮಕ್ಕಳ ಮನೆಯೊಂದರಲ್ಲಿ ಮಾಡಬೇಕೆಂದಿದ್ದಾರಂತೆ: ಕೇಕು, ಊಟ, ನಾಲ್ಕು ಫೋಟೊ. ‘ಅಲ್ಲಿ ದಿನಾ ಏಸುವಿನ ಪ್ರಾರ್ಥನೆ ಮಾಡಿಸ್ತಾರಂತೆ, ನಿಮಗ್ಯಾಕೆ ಅದು?’ ಎಂದು ಪಕ್ಕದ ಮನೆಯವರು ತಡೆದಿದ್ದಾರೆ. ‘ಆ ಅನಾಥ ಮಕ್ಕಳ ದಿನ ಹೇಗೆ ಕಳೆಯುತ್ತದೆ, ನಾನು ಹೋಗುವುದು ಸರಿಯೇ?’ ಎಂಬುದು ಅವರ ಪ್ರಶ್ನೆ.

ಹೋಗಿ ಮೇಷ್ಟ್ರೇ, ಖಂಡಿತ ಹೋಗಿ. ಆದರೆ ಅಲ್ಲಿರುವವರೆಲ್ಲ ಅನಾಥರು ಎಂದುಕೊಂಡು ಹೋಗಬೇಡಿ. ಅವರಲ್ಲಿ ಅನೇಕರಿಗೆ ಅವ್ವ ಇದ್ದಾಳೆ, ಕೆಲವರಿಗೆ ಅಪ್ಪನೂ ಇದ್ದಾನೆ. ಗಂಡ ತೀರಿಕೊಂಡು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವಳು, ಕಾಯಿಲೆ ಬಿದ್ದವಳು, ಕುಡುಕ ಗಂಡನ ಕೈಗೆ ಮಗಳನ್ನು ಬಿಡಲಾರದವಳು. ಆಕೆ ಮಗುವನ್ನು ಬಿಟ್ಟುಕೊಟ್ಟಿಲ್ಲ, ಬಿಟ್ಟಿರುತ್ತಾಳೆ ಅಷ್ಟೆ.

ದಿನಚರಿ ಕೇಳಿದ್ದೀರಿ. ನಮ್ಮ ಕಡೆ ನಾನು ನೋಡಿರುವ ಮನೆಗಳಲ್ಲಿ ನಸುಕಿಗೇ ಲೈಟು ಹತ್ತುತ್ತದೆ. ಹಂಡೆ ನೀರಿಗೆ ಬಕೆಟ್ ಹಿಡಿದು ಸಾಲು, ಸಣ್ಣದೊಂದು ಪ್ರಾರ್ಥನೆ, ಉಪ್ಪಿಟ್ಟೋ ಚಿತ್ರಾನ್ನವೋ. ಆಮೇಲೆ ಸರ್ಕಾರಿ ಶಾಲೆ. ಹಾಲು, ಮಧ್ಯಾಹ್ನದ ಊಟ ಅಲ್ಲೇ. ಸಂಜೆ ಯೂನಿಫಾರ್ಮ್ ಒಗೆದು ಹಾಕಿ, ಮಂಡಕ್ಕಿ ಮುಕ್ಕಿ, ಓದಿಗೆ ಕೂರಬೇಕು. ರಾತ್ರಿ ಮತ್ತೆ ಪ್ರಾರ್ಥನೆ, ಅನ್ನ ಸಾರು, ನಿದ್ದೆ. ಹಾಸ್ಟೆಲಿನಲ್ಲಿ ಓದಿದ ಯಾರಿಗೂ ಇದರಲ್ಲಿ ಹೊಸತೇನೂ ಕಾಣುವುದಿಲ್ಲ.

ನೋಡಬೇಕಾದದ್ದು ಭಾನುವಾರ. ಚರ್ಚಿನ ಆರಾಧನೆ ಮುಗಿದ ಮೇಲೆ ಹುಡುಗಿಯರು ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರು ಕೂರುತ್ತಾರೆ. ಮೇಲಿನ ಮೆಟ್ಟಿಲಿನವಳು ಕೆಳಗಿನವಳ ತಲೆಯಲ್ಲಿ ಹೇನು ಹುಡುಕಬೇಕು. ಎಲ್ಲಕ್ಕಿಂತ ಮೇಲೆ ಕೂತವಳ ತಲೆ ನೋಡುವವರಿಲ್ಲ, ಹಾಗಾಗಿ ಆ ಜಾಗ ಯಾರಿಗೂ ಬೇಡ, ಅದಕ್ಕೊಂದು ಜಗಳ. ಅತ್ತ ಆಫೀಸಿನ ಒಂದೇ ಮೊಬೈಲಿಗೆ ಇನ್ನೊಂದು ಸಾಲು. ‘ಉಂಡ್ಯೇನವ್ವಾ?’ ಎಂದು ಕೇಳುವುದು ಇಲ್ಲಿ ಮಗಳೇ. ಸಿಸ್ಟರ್ ಗಡಿಯಾರ ನೋಡುತ್ತಾರೆ, ಹಿಂದಿನವಳು ಜಡೆ ಎಳೆಯುತ್ತಾಳೆ.

ಇನ್ನು ಪ್ರಾರ್ಥನೆಯ ಮಾತು. ಮಠದ ಪ್ರಸಾದ ನಿಲಯದಲ್ಲಿ ಓದಿದವರು ಈ ಜಿಲ್ಲೆಯಲ್ಲಿ ಮನೆಮನೆಗೂ ಸಿಗುತ್ತಾರೆ. ಅಲ್ಲಿ ಬೆಳಗಿನ ಪ್ರಾರ್ಥನೆ ಇರಲಿಲ್ಲವೇ? ಮಕ್ಕಳ ಪಾಲನಾ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ಮಾದರಿ ನಿಯಮಗಳೂ ದಿನಚರಿಯಲ್ಲಿ ಆಟ, ಪಾಠದ ಜೊತೆ ಪ್ರಾರ್ಥನೆಯನ್ನು ಹೇಳುತ್ತವೆ. ಹಾಗಂತ ಬೇರೆ ಧರ್ಮದ ಮಗುವನ್ನು ಬಲವಂತವಾಗಿ ಮೊಣಕಾಲೂರಿಸಿದರೆ ನಾನು ಒಪ್ಪುವವನಲ್ಲ. ಅನುಮಾನವಿದ್ದರೆ ಒಂದೇ ಪ್ರಶ್ನೆ ಕೇಳಿ: ದಾವಣಗೆರೆಯ ನಗರದೇವತೆ ದುಗ್ಗಮ್ಮನ ಜಾತ್ರೆಗೆ ಮಕ್ಕಳು ಮನೆಗೆ ಹೋಗಿದ್ದರೇ? ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ‘ನಾಲ್ಕು ದಿನ ಮನೆಗೆ ಕಳಿಸಿದ್ವಿ’ ಎಂಬ ಉತ್ತರ ಬಂದರೆ ಪಕ್ಕದ ಮನೆಯವರಿಗೆ ಅದನ್ನೇ ಹೇಳಿ. ‘ಇಲ್ಲಿಗೆ ಬಂದ ಮೇಲೆ ಅದೆಲ್ಲ ಯಾಕೆ’ ಎಂದರೆ ನಿಮ್ಮ ಕೇಕನ್ನು ಬೇರೆ ಕಡೆ ಒಯ್ಯಿರಿ.

ಗೋಡೆಯ ಮೇಲೆ ನೋಂದಣಿ ಪತ್ರ ಇದೆಯೇ ಎಂದೂ ನೋಡಿ. 2015ರ ಬಾಲನ್ಯಾಯ ಕಾಯ್ದೆಯಂತೆ ಇಂಥ ಪ್ರತಿ ಮನೆಯೂ ನೋಂದಣಿಯಾಗಿರಬೇಕು. ಸಿಕ್ಕ ಮಗುವನ್ನು ತಂದು ಇಟ್ಟುಕೊಳ್ಳುವಂತೆಯೂ ಇಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಯಲ್ಲೇ ಇಟ್ಟು ಸಾಕಲು ಆಗುವುದಾದರೆ ಅದೇ ಮೊದಲು, ಸಂಸ್ಥೆ ಕೊನೆಯ ದಾರಿ ಎನ್ನುತ್ತದೆ ಕಾಯ್ದೆ. ಅದಕ್ಕೆಂದೇ ಕೇಂದ್ರದ ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ. ನಿಮ್ಮ ಬೀದಿಯಲ್ಲೇ ಅಂಥ ತಾಯಿ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿ. ನೂರು ಊಟ ಹಾಕಿಸುವುದಕ್ಕಿಂತ ಅದು ದೊಡ್ಡ ಕೆಲಸ ಎಂದು ನನ್ನ ಎಣಿಕೆ.

ಫೋಟೊ ಮಾತ್ರ ಬೇಡವೇ ಬೇಡ. ಇಂಥ ಮಕ್ಕಳ ಗುರುತು ಬಯಲಾಗುವಂತೆ ಚಿತ್ರ ಪ್ರಕಟಿಸುವುದನ್ನು ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನು ಹಾಗಿರಲಿ, ನಿಮ್ಮ ಮೊಮ್ಮಗಳ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ತಟ್ಟೆ ಹಿಡಿದು ನಿಂತ ತನ್ನ ಚಿತ್ರ ಓಡಾಡುವುದು ಯಾವ ಹುಡುಗಿಗೆ ಬೇಕು? ಯಾರದೋ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟಿದ ಮೇಲೇ ಊಟ ಎಂಬ ಏರ್ಪಾಟು ನನಗಂತೂ ಹಿಡಿಸುವುದಿಲ್ಲ. ಮೊಮ್ಮಗಳನ್ನು ಪಂಕ್ತಿಯಲ್ಲಿ ಅವರ ನಡುವೆ ಕೂರಿಸಿ, ನೀವೂ ಕೂತು ಉಣ್ಣಿ.

ಏನು ಒಯ್ಯಲಿ ಎಂದೂ ಕೇಳಿದ್ದೀರಿ. ಬಿಸ್ಕತ್ತು, ಹಳೇ ಬಟ್ಟೆ ಎಲ್ಲರೂ ತರುತ್ತಾರೆ. ಒಳಉಡುಪು, ಪ್ಯಾಡ್, ಟವೆಲ್, ಕಂಪಾಸ್ ಬಾಕ್ಸ್ ತರುವವರು ಕಡಿಮೆ. ಅಳತೆ, ಸಂಖ್ಯೆ ಫೋನಿನಲ್ಲೇ ಕೇಳಿಕೊಳ್ಳಿ. ಹತ್ತನೇ ತರಗತಿಯವರು ಎಷ್ಟು ಜನ ಇದ್ದಾರೆ ಎಂದೂ ಹಾಗೇ ವಿಚಾರಿಸಿ, ಗಣಿತಕ್ಕೆ ಮೇಷ್ಟ್ರು ಸಿಗದೆ ಒದ್ದಾಡುವ ಮನೆಗಳೇ ಜಾಸ್ತಿ. ವಾರಕ್ಕೊಂದು ಸಂಜೆ ಬರುತ್ತೇನೆಂದರೆ ಪೊಲೀಸ್ ಪರಿಶೀಲನೆಯ ಕಾಗದ ಕೇಳಿಯಾರು. ಬೇಸರ ಮಾಡಿಕೊಳ್ಳಬೇಡಿ, ಕೇಳುವುದೇ ಸರಿ.