ಬದಿಯಡ್ಕದಿಂದ ಕೇಳಿದವರಿಗೆ: ಎಫ್‌ವಿಸಿ 62 ಇದ್ದರೆ ಮುಂದೇನು?

ತಂದೆಗೆ 68 ವರ್ಷ, ಐಎಲ್‌ಡಿ (ಶ್ವಾಸಕೋಶ ಊದಿಕೊಂಡು ಕಲೆಗಟ್ಟುವ ಕಾಯಿಲೆಗಳ ಗುಂಪು), ಎಫ್‌ವಿಸಿ (ಪೂರ್ತಿ ಉಸಿರೆಳೆದು ಜೋರಾಗಿ ಹೊರಬಿಡಬಲ್ಲ ಗಾಳಿ) ಇರಬೇಕಾದುದರ ಶೇ. 62, ಮುಂದೇನು ಎಂದು ಕೇಳಿದ್ದೀರಿ. ಆ ಒಂದು ಸಂಖ್ಯೆ ನೋಡಿ ಹೇಳಲಾಗದು, ಅದು ಎಷ್ಟು ಬೇಗ ಇಳಿಯುತ್ತಿದೆ ಎಂಬುದೇ ಮುಖ್ಯ. 6–12 ತಿಂಗಳಲ್ಲಿ ಶೇ. 10ರಷ್ಟು ಇಳಿದರೆ ಅಪಾಯ ಹೆಚ್ಚು. ಹಾಗಾಗಿ ಮಂಗಳೂರಿಗೆ ತೋರಿಸಲು ಹೋಗುವಾಗ ಹಳೆಯ ಸ್ಪೈರೋಮೆಟ್ರಿ (ಊದಿಸಿ ಉಸಿರು ಅಳೆಯುವ ಪರೀಕ್ಷೆ) ರಿಪೋರ್ಟ್‌ಗಳನ್ನೆಲ್ಲ ಒಯ್ಯಿರಿ. ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯದ ಅಳತೆ) ಶೇ. 40ಕ್ಕಿಂತ ಕಡಿಮೆ ಇದ್ದರೆ, ಸಿಟಿ ಸ್ಕ್ಯಾನ್‌ನಲ್ಲಿ ಜೇನುಗೂಡಿನಂಥ ರಂಧ್ರಗಳಿದ್ದರೆ ಕಾಯಿಲೆ ಮುಂದುವರಿದಿದೆ ಎಂದೇ ಅರ್ಥ. ಕುಳಿತಲ್ಲಿ ಆಕ್ಸಿಮೀಟರ್ ರಕ್ತದ ಆಮ್ಲಜನಕ ಶೇ. 96 ತೋರಿಸಿತೆಂದು ಸುಮ್ಮನಾಗಬೇಡಿ. 6 ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಅದು 88ಕ್ಕೆ ಇಳಿಯುತ್ತದೆಯೇ ನೋಡಿಸಿ.

ಇನ್ನೊಂದು, ಹಟ್ಟಿಯ ಅಟ್ಟದಲ್ಲಿ ಬೂಸ್ಟು ಹಿಡಿದ ಬೈಹುಲ್ಲು, ಮಾಡಿನಲ್ಲಿ ಪಾರಿವಾಳ ಇದೆಯೇ? ಕಾಯಿಲೆ ಅವುಗಳ ಧೂಳಿನಿಂದ ಬಂದದ್ದಾದರೆ ಬೇಗ ದೂರವಿಟ್ಟಷ್ಟೂ ಒಳ್ಳೆಯದು. ಶ್ವಾಸಕೋಶದ ಕಲೆಗಟ್ಟಿದ ಭಾಗ ಮಾತ್ರ ಮೊದಲಿನ ಸ್ಥಿತಿಗೆ ಮರಳದು. ನಿಂಟೆಡಾನಿಬ್ ಎಂಬ ಔಷಧ ಕೂಡ ಇಳಿತವನ್ನು ನಿಧಾನಿಸುತ್ತದಷ್ಟೆ.