ಊರಿನವರು ಬರಲಿ ಬಿಡಿ, ಮೇಷ್ಟ್ರೇ

ಪತ್ರ: ನಮ್ಮ ಕಾಲೇಜಿನಲ್ಲಿ ಪ್ರತಿ ತಿಂಗಳು ಸಾರ್ವಜನಿಕ ಉಪನ್ಯಾಸ, ಸಿನಿಮಾ ಪ್ರದರ್ಶನ ಇರುತ್ತದೆ. ವಿದ್ಯಾರ್ಥಿಗಳಿಗಿಂತ ಊರಿನವರೇ ಜಾಸ್ತಿ. ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಇದೆಲ್ಲ ಬೇಕೆ?
– ಒಬ್ಬ ಉಪನ್ಯಾಸಕ

ಉತ್ತರ: ಸೆಮಿಸ್ಟರ್ ಅವಸರದಲ್ಲಿ ಪಾಠ ಮುಗಿಸುವುದೇ ಕಷ್ಟ, ಒಪ್ಪಿದೆ. ಆದರೆ ಊರಿನವರು ಬರುತ್ತಾರೆ ಅನ್ನುವುದನ್ನು ದೂರಿನ ಹಾಗೆ ಬರೆದಿದ್ದೀರಲ್ಲ, ಅದು ನೋವಾಯಿತು. ಊರಿನವರನ್ನು ಕರೆಯುವುದಕ್ಕೇ ಅಲ್ವಾ ಸಾರ್ವಜನಿಕ ಉಪನ್ಯಾಸ?

ಹಿಂದೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ತಾವೇ ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಪ್ರಚಾರೋಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ನಿಮ್ಮಲ್ಲಿ ಜನ ತಾವಾಗಿಯೇ ಬರುತ್ತಿದ್ದಾರೆ!

ಸಾಗರದ ಹತ್ತಿರದ ಹಳ್ಳಿ ಹೆಗ್ಗೋಡನ್ನೇ ನೋಡಿ. 1949ರಲ್ಲಿ ಶುರುವಾದ ಅಲ್ಲಿನ ನಾಟಕ ಸಂಘ ನೀನಾಸಮ್, 1970ರ ದಶಕದಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಸತ್ಯಜಿತ್ ರೇ, ಜಪಾನಿನ ಕುರೊಸಾವ ಅವರ ಸಿನಿಮಾ ತೋರಿಸಿತು. ಹಳ್ಳಿಯವರಿಗೆ ಇದು ಅರ್ಥವಾಗುತ್ತದೆಯೇ ಎಂದು ಅದನ್ನು ಮುನ್ನಡೆಸಿದ ಕೆ.ವಿ. ಸುಬ್ಬಣ್ಣ ಹಿಂಜರಿಯಲಿಲ್ಲ. ಜನ ಬಂದರು, ಕೂತು ನೋಡಿದರು, ವಾದ ಮಾಡಿದರು.

ಒಮ್ಮೆ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ ಹಾಕಿದ್ದರು, 1948ರ ಇಟಲಿಯ ಚಿತ್ರ. ಸೈಕಲ್ ಕಳೆದುಕೊಂಡ ಬಡವನೊಬ್ಬ ಕೊನೆಗೆ ತಾನೇ ಒಂದು ಸೈಕಲ್ ಕದ್ದು, ಮಗನ ಎದುರೇ ಸಿಕ್ಕಿಬೀಳುವ ಕಥೆ. ಸಿನಿಮಾ ಮುಗಿದ ಮೇಲೆ ನಾವು ಓದಿದವರು ಯುದ್ಧ, ನಿರುದ್ಯೋಗ ಅಂತ ಮಾತಾಡುತ್ತಿದ್ದೆವು. ಹಿಂದಿನ ಸಾಲಿನಿಂದ ಸೈಕಲ್ ರಿಪೇರಿ ಮಾಡುವವರೊಬ್ಬರು ಎದ್ದು ನಿಂತರು. “ಸೈಕಲ್ಲಿನ ಯಜಮಾನ ಕಳ್ಳನ ಮಗನ ಮುಖ ನೋಡಿ ಕೇಸೇ ಬೇಡ ಅಂದನಲ್ಲ, ಅವನೂ ಬಡವನೇ ಇರಬೇಕು” ಅಂದರು. ಆ ಯಜಮಾನನ ಬಗ್ಗೆ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಅಲ್ಲಿದ್ದ ಹುಡುಗ ಹುಡುಗಿಯರು ಆಮೇಲೆ ಅವರನ್ನೇ ಸುತ್ತುವರಿದು ಪ್ರಶ್ನೆ ಕೇಳಿದರು. ಮೊಬೈಲಿನಲ್ಲಿ ಸಿನಿಮಾ ಸಿಗುತ್ತದೆ. ಪಕ್ಕದಲ್ಲಿ ಕೂತು ನೋಡುವ ಆ ಮನುಷ್ಯ ಎಲ್ಲಿ ಸಿಗುತ್ತಾನೆ?

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕಲಾ ವಿಭಾಗಕ್ಕೆ ಸೇರುವವರಿಲ್ಲ ಅಂತ ಕೊರಗುತ್ತೇವೆ. ಆದರೆ ಒಂದು ಒಳ್ಳೆಯ ಉಪನ್ಯಾಸ ಇಟ್ಟರೆ ಸ್ವಾಗತ, ಹಾರ, ಶಾಲು, ಅಧ್ಯಕ್ಷರ ಭಾಷಣದಲ್ಲೇ ಹೊತ್ತು ಕಳೆಯುತ್ತೇವೆ. ಮಾತಾಡಲು ಬಂದವರಿಗೆ “ಸ್ವಲ್ಪ ಬೇಗ ಮುಗಿಸಿ” ಅಂತ ಚೀಟಿ ಹೋಗುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ವರದಿಗೆ ಫೋಟೊ ಸಿಕ್ಕರೆ ಸಾಕು, ಪ್ರಶ್ನೋತ್ತರಕ್ಕೆ ಸಮಯವೇ ಇಲ್ಲ. ಹುಡುಗರು ಬರದಿರುವುದಕ್ಕೆ ಇದೂ ಒಂದು ಕಾರಣ. ಅವರನ್ನು ಹಾಜರಾತಿ ತೋರಿಸಿ ಹೆದರಿಸಬೇಡಿ. ಅತಿಥಿಗಳನ್ನು ಪರಿಚಯಿಸುವ ಕೆಲಸ, ಚರ್ಚೆ ನಡೆಸುವ ಕೆಲಸ ಅವರಿಗೇ ಕೊಡಿ.

ನಿಮಗೆ ಕಾಳಜಿ ಇದೆ, ಇಲ್ಲದಿದ್ದರೆ ಪತ್ರವನ್ನೇ ಬರೆಯುತ್ತಿರಲಿಲ್ಲ. ಮುಂದಿನ ಕಾರ್ಯಕ್ರಮದ ವಿವರ ಕಳಿಸಿ, ಪ್ರಕಟಿಸುತ್ತೇವೆ. ಬಸ್ ಸ್ಟ್ಯಾಂಡಿನಲ್ಲೂ ಒಂದು ಪೋಸ್ಟರ್ ಅಂಟಿಸಿ.